ಚಂದ್ರಾಮನ ಕೈಚೀಲ

ತೆಲುಗು ಸೀಮೆಯ ಕುಷಾಯಿಗೂಡದ ಅಡ್ಡಾದಲ್ಲಿ ಕೆಲಸಕ್ಕೆ ಕಾಯುವ ಕೂಲಿಯವರು ನಿಲ್ಲುವುದಕ್ಕೂ ಒಂದು ಕ್ರಮವಿದೆ. ಇವತ್ತು ಕೆಲಸ ಬೇಕೇ ಬೇಕು ಎನ್ನುವವರು ರಸ್ತೆಯ ಅಂಚಿಗೆ ನಿಲ್ಲುತ್ತಾರೆ. ಯಾರದಾದರೂ ಬೈಕು ನಿಂತರೆ ಸಾಕು, ಸುತ್ತ ಮುಗಿಬೀಳುತ್ತಾರೆ. ಸಿಕ್ಕರೆ ಸಿಗಲಿ ಎನ್ನುವವರದು ಎರಡನೆಯ ಸಾಲು. ಇನ್ನು, ಎಲ್ಲಿ ಕೆಲಸ ಸಿಕ್ಕೇಬಿಡುತ್ತದೋ ಎಂದು ಹೆದರಿದವನಿಗೆ ಇರುವುದು ಒಂದೇ ಜಾಗ, ಸಾಯಿಕುಮಾರನ ಚಹಾ ಬಂಡಿಯ ಹಿಂದೆ. ಐದು ತಿಂಗಳಿನಿಂದ ಆ ಜಾಗ ಯಾದಗಿರಿ ಕಡೆಯ ಗೌಂಡಿ ಚಂದ್ರಾಮನ ಪಾಲಿಗೆ ಬಂದಿತ್ತು.

ಅವನು ಬರುತ್ತಿದ್ದದ್ದೇ ಎಂಟೂವರೆಗೆ. ಅಷ್ಟು ಹೊತ್ತಿಗೆ ಮೇಸ್ತ್ರಿಗಳು ತಮಗೆ ಬೇಕಾದ ಆಳುಗಳನ್ನು ಆರಿಸಿಕೊಂಡು ಹೋಗಿರುತ್ತಿದ್ದರು. ಸಿಮೆಂಟಿನ ಚೀಲ ಕತ್ತರಿಸಿ ಹೊಲಿದ ಕೈಚೀಲ ಹೆಗಲಿಗೆ, ಅದರ ಬಾಯಿಂದ ಗಿಲಾವ ಉಜ್ಜುವ ಹಲಗೆಯ ಹಿಡಿ ಹೊರಗೆ ಕಾಣುವಂತೆ. ಈ ಮನುಷ್ಯ ಗೌಂಡಿ, ಗೋಡೆ ಕಟ್ಟುವವ, ಗಾರೆ ಬಳಿದು ಗಿಲಾವ ಮಾಡುವವ ಎಂದು ನೋಡಿದವರಿಗೆ ಹೇಳದೆ ತಿಳಿಯಬೇಕಲ್ಲ. ಎರಡು ಚಹಾ ಕುಡಿದು, ಹತ್ತು ಗಂಟೆಗೆ ಬಾಡಿಗೆ ಖೋಲಿಗೆ ಮರಳಿ, ಅಂಗಳ ಗುಡಿಸುತ್ತಿದ್ದ ಮನೆ ಮಾಲಕಿ ವನಜಾಗೆ ಇವತ್ತೂ ಯಾರೂ ಕರೆಯಲಿಲ್ಲ ಎಂದು ತೆಲುಗಿನಲ್ಲಿ ವರದಿ ಒಪ್ಪಿಸುತ್ತಿದ್ದ. ಅವಳೇನೂ ಕೇಳಿರುತ್ತಿರಲಿಲ್ಲ. ಆಮೇಲೆ ಚೀಲವನ್ನು ಮೊಳೆಗೆ ತೂಗುಹಾಕಿ ಚಾಪೆಯ ಮೇಲೆ ಬಿದ್ದುಕೊಂಡರೆ ಆ ದಿನದ ದುಡಿಮೆ ಮುಗಿಯಿತು.

ಅವನು ಹುಟ್ಟು ಸೋಮಾರಿಯೇನೂ ಅಲ್ಲ. ಇಪ್ಪತ್ತೆರಡು ವರ್ಷ ಈ ಊರಿನ ಗೋಡೆಗಳಿಗೆ ಗಿಲಾವ ಬಳಿದವನು. ಅವನು ಮಾಡಿದ ಗೋಡೆಗೆ ಮಟ್ಟ ನೋಡುವ ಪಟ್ಟಿ ಹಚ್ಚಿದರೆ ಕೂದಲು ತೂರುವಷ್ಟೂ ಸಂದು ಇರುತ್ತಿರಲಿಲ್ಲ. ಥಾಪಿಯಿಂದ, ಎಂದರೆ ಕರಣೆಯಿಂದ, ಕಲೆಸಿದ ಸಿಮೆಂಟಿನ ಮಾಲು ಎರಚಿದ ಮೇಲೆ ಥಾಪಿಯ ಅಂಚನ್ನು ಬುಟ್ಟಿಯ ಕಂಠಕ್ಕೆ ಟಣ್ ಟಣ್ ಎಂದು ಎರಡು ಸಲ ಬಡಿಯುವುದು ಅವನ ಚಟ. ಕೆಳಗೆ ನಿಂತವರು ಆ ಸಪ್ಪಳದ ಮೇಲೆಯೇ ಮೂರನೆಯ ಅಂತಸ್ತಿನಲ್ಲಿ ಚಂದ್ರಾಮ ಇದ್ದಾನೆ ಎನ್ನುತ್ತಿದ್ದರು. ಜೊತೆಗೆ ಹೆಂಡತಿ ಸುಗಲಮ್ಮ. ಅವಳು ಮಾಲು ಕಲೆಸಿ, ಬುಟ್ಟಿ ತುಂಬಿ, ತಲೆಯ ಮೇಲೆ ಹೊತ್ತು ತಂದು ಕೊಡುವುದು, ಅವನು ಗೋಡೆಗೆ ಹಚ್ಚುವುದು. ಹಿಂತಿರುಗಿಯೂ ನೋಡದೆ "ಮಾಲು ಬಿಗಿ ಆತು, ನೀರು ಹಾಕು" ಎಂದು ಅವನು ಹೇಳಿದ ಲೆಕ್ಕ ಆ ದೇವರಿಗೇ ಗೊತ್ತು. ಮೇಸ್ತ್ರಿಗಳ ಮಾತಿನಲ್ಲಿ ಇಂಥ ಗಂಡಹೆಂಡಿರಿಗೆ ಜೋಡಿ ಎಂದು ಹೆಸರು.

ಹೋದ ಮಳೆಗಾಲದಲ್ಲಿ ಚಂದ್ರಾಮನಿಗೆ ಜ್ವರ ಬಂತು. ಹದಿನೈದು ದಿನ ಹಾಸಿಗೆ ಹಿಡಿದ. ಜ್ವರ ಬಿಟ್ಟಿತು, ಹಾಸಿಗೆ ಬಿಡಲಿಲ್ಲ. ಮೊದಲ ತಿಂಗಳು ನಿಶ್ಶಕ್ತಿ ಎಂದರು, ಎರಡನೆಯ ತಿಂಗಳು ಪಾಪ ಎಂದರು, ಮೂರನೆಯ ತಿಂಗಳಿಗೆ ಎಲ್ಲರೂ ಅದನ್ನು ಅದರ ಹೆಸರಿನಿಂದಲೇ ಕರೆದರು. ಮೈಗಳ್ಳ. ಅವನಿಗೂ ಅದು ಸುಳ್ಳೆನಿಸಲಿಲ್ಲ. ಮೈ ನೋಯುತ್ತಿರಲಿಲ್ಲ, ಊಟ ಸೇರುತ್ತಿತ್ತು. ಆದರೆ ಬೆಳಿಗ್ಗೆ ಕಣ್ಣು ಬಿಟ್ಟ ಕೂಡಲೇ, ಇನ್ನೊಬ್ಬರ ಮನೆಯ ಮಾಳಿಗೆಯ ಕೆಳಗೆ ಕತ್ತು ಮೇಲೆತ್ತಿ ನಿಂತು, ಮುಖದ ಮೇಲೆ ಸಿಮೆಂಟು ಉದುರಿಸಿಕೊಳ್ಳುತ್ತ ಕೈ ಆಡಿಸುವುದು ನೆನಪಾಗಿ ಒಳಗಿನಿಂದ ಏನೋ ಕುಸಿದು ಕುಳಿತುಬಿಡುತ್ತಿತ್ತು. ಇವತ್ತು ಒಂದು ಗೋಡೆ ಮುಗಿದರೆ ನಾಳೆ ಇನ್ನೊಂದು. ಊರು ಮುಗಿಯುವಂಥದ್ದಲ್ಲ. ಎದ್ದು ಏನು ಮಾಡುವುದು ಎಂಬ ಪ್ರಶ್ನೆಗೆ ಅವನ ಹತ್ತಿರ ಉತ್ತರವಿರಲಿಲ್ಲ.

ಉಪಚಾರಗಳೇನೂ ಕಡಿಮೆಯಾಗಲಿಲ್ಲ. ಡಾಕ್ಟರು ಕೆಂಪು ಟಾನಿಕ್ ಬರೆದುಕೊಟ್ಟರು. ವನಜಾ ನಿಂಬೆಹಣ್ಣು ಇಳಿಸಿ ಮೂರು ದಾರಿ ಕೂಡುವಲ್ಲಿ ಎಸೆದು ಬಂದಳು. ಸಾಯಿಕುಮಾರ ತನ್ನ ಮೊಬೈಲಿನಲ್ಲಿ ವಿಡಿಯೋ ತೋರಿಸಿದ. ಅದರಲ್ಲಿ ಕೋಟು ತೊಟ್ಟವನೊಬ್ಬ ಬೆಳಿಗ್ಗೆ ನಾಲ್ಕಕ್ಕೆ ಎದ್ದವನೇ ಜಗತ್ತನ್ನು ಗೆಲ್ಲುತ್ತಾನೆ ಎಂದು ಹಿಂದಿಯಲ್ಲಿ ಗಂಟಲು ಹರಿದುಕೊಳ್ಳುತ್ತಿದ್ದ. ಸುಗಲಮ್ಮ ಇಪ್ಪತ್ತೆರಡು ವರ್ಷದಿಂದ ನಾಲ್ಕೂವರೆಗೆ ಏಳುತ್ತಿದ್ದಳು. ಅವಳು ಗೆದ್ದ ಜಗತ್ತು ಎಲ್ಲಿದೆ ಎಂದು ಚಂದ್ರಾಮನಿಗೆ ತಿಳಿಯಲಿಲ್ಲ. ಅವನು ವಿಡಿಯೋವನ್ನು ಕೊನೆಯವರೆಗೂ ನೋಡಿ ಇನ್ನೊಂದು ಚಹಾ ಹೇಳಿದ.

ಅವನು ಮಲಗಿದ ಮೇಲೆ ಸುಗಲಮ್ಮ ಒಬ್ಬಳೇ ಹುಲಗೇಶನ ಕೈಕೆಳಗೆ ಆಳಾಗಿ ಹೋಗತೊಡಗಿದ್ದಳು. ಹುಲಗೇಶ ಅವಳ ತವರೂರಿನವನು, ಅಕ್ಕಾ ಎನ್ನುವವನು. ಹತ್ತಿರದ ಕಾಲೊನಿಯಲ್ಲಿ ಮೂರಂತಸ್ತಿನ ಮನೆಯೊಂದರ ಗಿಲಾವ ಹಿಡಿದಿದ್ದ. ಅವಳು ಆರೂವರೆಗೆ ಮನೆ ಬಿಟ್ಟರೆ ಕತ್ತಲಾಗುವ ಹೊತ್ತಿಗೆ ಬರುತ್ತಿದ್ದಳು. ಬಂದವಳು ಗಂಡನನ್ನು ಬೈಯುತ್ತಿರಲಿಲ್ಲ. ಬೈದಿದ್ದರೆ ಅವನಿಗೂ ತಿರುಗಿ ಬೈದು ಒಂದಿಷ್ಟು ಬಿಸಿಯೇರುತ್ತಿತ್ತೇನೋ. ಅವಳು ಮೊಳೆಗೆ ತೂಗುಹಾಕಿದ ಕೈಚೀಲವನ್ನು ಒಮ್ಮೆ ಮುಟ್ಟಿ ನೋಡಿ, ಕಾಲು ತೊಳೆಯಲು ಹೋಗುತ್ತಿದ್ದಳು. ದಿನವೂ ಅದೇಕೆ ಮುಟ್ಟುತ್ತಾಳೆ ಎಂದು ಕೇಳುವುದಕ್ಕೂ ಅವನಿಗೆ ಬೇಸರ.

ಹೀಗಿರುವಾಗ ಕಲ್ಲೇಶ ಮೇಸ್ತ್ರಿಯ ಮಾತು ಬಂತು. ಮಾದಾಪುರದಲ್ಲಿ ದೊಡ್ಡ ಕಟ್ಟಡ, ಒಂದು ವರ್ಷದ ಕೆಲಸ, ಅಲ್ಲೇ ಇರಲು ತಗಡಿನ ಖೋಲಿ. ಆದರೆ ಖೋಲಿ ಜೋಡಿಗೆ ಮಾತ್ರ. ಒಂಟಿ ಹೆಂಗಸರಿಗೆ ಉದ್ದನೆಯ ಶೆಡ್ಡು, ಹತ್ತು ಮಂದಿ ಸಾಲಾಗಿ ಮಲಗಬೇಕು. ಹುಲಗೇಶನ ಕೆಲಸ ಹೇಗೂ ಮುಗಿಯುತ್ತ ಬಂದಿತ್ತು. ರವಿವಾರ ಅಮಾವಾಸ್ಯೆ, ಆ ದಿನ ಯಾರೂ ಕೆಲಸ ಮುಟ್ಟುವುದಿಲ್ಲ, ಸೋಮವಾರ ಹೊರಡಬೇಕು. ಸುಗಲಮ್ಮ ಗಂಡನ ಮುಂದೆ ಗಂಗಾಳ ಇಟ್ಟು, ರೊಟ್ಟಿ ಹಾಕಿ, ಪಲ್ಯ ಬಡಿಸಿ, ಎಲ್ಲ ಮುಗಿದ ಮೇಲೆ ಹೇಳಿದಳು.

"ಸೋಮವಾರ ನಾ ಹೊಂಟೀನಿ. ನೀ ಬಂದ್ರ ಜೋಡಿ. ಬರದಿದ್ರ ನಾ ಶೆಡ್ಡಿನ್ಯಾಗ ಇರ್ತೀನಿ, ನೀ ಇಲ್ಲಿರು. ಇದರಾಗ ಸಿಟ್ಟೇನಿಲ್ಲ. ನನಗ ಭಾಳ ದಣಿವಾಗೈತಿ."

ಚಂದ್ರಾಮ ಹೂಂ ಎಂದ. ಅವಳು ಹೇಳಿದ್ದು ಬೆದರಿಕೆಯಲ್ಲ ಎಂಬುದು ಅವನಿಗೆ ತಿಳಿಯಿತು, ತಿಳಿದದ್ದರಿಂದಲೇ ಹೆದರಿಕೆಯಾಯಿತು. ಹೋಗುವವಳು ಜಗಳ ಮಾಡದೆ ಹೋದರೆ ಕರೆತರುವ ದಾರಿ ಯಾವುದು? ಒಬ್ಬಳೇ ಮಗಳನ್ನು ಶಹಾಪುರಕ್ಕೆ ಕೊಟ್ಟಾಗಿತ್ತು. ಸುಗಲಮ್ಮನೂ ಹೋದರೆ ಈ ಖೋಲಿಯಲ್ಲಿ ಉಳಿಯುವುದು ತಾನು, ಚಾಪೆ ಮತ್ತು ಪಂಖಾ. ನಾಳೆಯಿಂದ ಆರಕ್ಕೇ ಎದ್ದು ಮುಂದಿನ ಸಾಲಿನಲ್ಲಿ ನಿಲ್ಲುತ್ತೇನೆ ಎಂದು ಆ ಸಂಜೆ ನಿಶ್ಚಯಿಸಿದ. ಮಂಗಳವಾರ ಎದ್ದಾಗ ಏಳೂವರೆ. ಬುಧವಾರ ಎಂಟು. ನಿಶ್ಚಯ ಗಟ್ಟಿಯಾದಷ್ಟೂ ನಿದ್ದೆ ಗಟ್ಟಿಯಾಗುತ್ತಿತ್ತು. ಅವನಿಗೆ ತನ್ನ ಮೇಲೆಯೇ ಅಸಹ್ಯವಾಯಿತು. ಅಸಹ್ಯವಾದದ್ದಕ್ಕೂ ಸುಸ್ತಾಗಿ ಮತ್ತೆ ಮಲಗಿದ.

ಗುರುವಾರ ಎಂದಿನಂತೆ ಬಂಡಿಯ ಹಿಂದೆ ನಿಂತು ಎರಡನೆಯ ಚಹಾ ಕುಡಿಯುತ್ತಿದ್ದಾಗ ಶಹಾಪುರದಿಂದ ಮಗಳ ಫೋನು ಬಂತು. "ಇಲ್ಲವ್ವಾ, ಹೊತ್ತು ಹೊಂಡೂದ್ರಾಗ ಬಂದು ನಿಂತೀನಿ. ಯಾರೂ ಕರದೇ ಇಲ್ಲ" ಎಂದು ಅವಳಿಗೆ ಹೇಳುತ್ತಿರುವಾಗಲೇ ಪಕ್ಕದಲ್ಲಿ ಸ್ಕೂಟರೊಂದು ನಿಂತಿತು. ಹೆಲ್ಮೆಟ್ ತೆಗೆದವರು ಅರವತ್ತು ದಾಟಿದವರು, ಬೀದರಿನ ಆನಂದಕುಮಾರ ಎಂಬುವರು. ಇಲ್ಲಿಯ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾಗಿ ಇಲ್ಲೇ ಮನೆ ಮಾಡಿಕೊಂಡವರು. ಬರುತ್ತೇನೆಂದ ಗೌಂಡಿ ಕೈಕೊಟ್ಟಿದ್ದ. ಅಡ್ಡಾ ಖಾಲಿಯಾಗಿತ್ತು.

"ನಮ್ಮ ಕಡೆಯವ್ರೇನ್ರಿ?" ಎಂದರು ಅವರು. "ಚಲೋ ಆತು. ಕಂಪೌಂಡಿನ ಗಿಲಾವ ಕಿತ್ತು ಬಿದ್ದೈತಿ. ಬರ್ರಿ, ಕೂಡ್ರಿ."

ತೆಲುಗಿನಲ್ಲಿ ಕೇಳಿದ್ದರೆ ಚಂದ್ರಾಮ ತೆಲುಗಿನಲ್ಲಿ ಒಂದು ನೆವ ಹೇಳುತ್ತಿದ್ದ. ಐದು ತಿಂಗಳಲ್ಲಿ ಅಂಥ ನಾಲ್ಕಾರು ನೆವ ಬಾಯಿಪಾಠವಾಗಿದ್ದವು. ಸೊಂಟ ಹಿಡಿದಿದೆ, ಬೇರೆ ಮೇಸ್ತ್ರಿಗೆ ಮಾತು ಕೊಟ್ಟಿದ್ದೇನೆ, ಹೀಗೆ. ಕನ್ನಡದಲ್ಲಿ ಒಂದೂ ತಯಾರಿರಲಿಲ್ಲ. ಮೇಲಾಗಿ ಫೋನಿನ ಆ ಬದಿಯಲ್ಲಿ ಮಗಳು ಎಲ್ಲ ಕೇಳಿಸಿಕೊಳ್ಳುತ್ತಿದ್ದಳು, ಹೋಗಪ್ಪಾ, ಹೋಗು ಎನ್ನುತ್ತಿದ್ದಳು. ಕುಡಿದು ಅರ್ಧವಾಗಿದ್ದ ಚಹಾದ ಲೋಟ ಇಟ್ಟು ಅವನು ಸ್ಕೂಟರಿನ ಹಿಂದೆ ಹತ್ತಿದ. ಸಾಯಿಕುಮಾರ ಸೌಟು ಹಿಡಿದುಕೊಂಡೇ ನೋಡುತ್ತ ನಿಂತ.

ಆನಂದಕುಮಾರರ ಮನೆಯಲ್ಲಿ ಮರಳು, ಸಿಮೆಂಟು, ನೀರು, ಕಲೆಸುವ ತಗಡು ಎಲ್ಲ ಸಿದ್ಧವಾಗಿದ್ದವು. ಗೋಡೆಯ ಬುಡದಲ್ಲಿ ಹತ್ತಡಿ ಉದ್ದ ಗಿಲಾವ ಬಿದ್ದಿತ್ತು, ಅರ್ಧ ದಿನದ ಕೆಲಸ. ಚಂದ್ರಾಮ ಬೆರಳಿನ ಗೆಣ್ಣಿನಿಂದ ಉಳಿದ ಗೋಡೆಯನ್ನು ಬಡಿದು ನೋಡಿದ. ಇನ್ನೊಂದು ಮೂರಡಿ ಪೊಳ್ಳಾಗಿತ್ತು, ಅದನ್ನೂ ಕೆಡವಬೇಕು. ಬಡಿಯುವಾಗ ಕೈಗೆ ಒಂದು ಗಳಿಗೆ ಹಳೆಯ ಗುರುತು ಸಿಕ್ಕಂತಾಯಿತು. ಇರಲಿ, ಮಾಡಿಯೇಬಿಡೋಣ ಎಂದುಕೊಂಡು ಚೀಲದ ಬಾಯಿ ಅಗಲಿಸಿ ಉಜ್ಜುವ ಹಲಗೆ ಹೊರಗೆಳೆದ. ಅದರ ಕೆಳಗೆ ಹಳೆಯ ಸೀರೆಯ ತುಂಡಿನ ಗಂಟು. ಥಾಪಿ, ತೂಕದ ಗುಂಡು, ದಾರ ಎಲ್ಲವನ್ನೂ ಸುಗಲಮ್ಮ ಹೀಗೆ ಕಟ್ಟಿಟ್ಟಿರಬೇಕು ಎಂದು ಗಂಟು ಬಿಚ್ಚಿದ.

ಒಳಗೆ ಅರ್ಧ ಇಟ್ಟಂಗಿ ಇತ್ತು.

ಅವನು ಚೀಲವನ್ನು ತಲೆಕೆಳಗು ಮಾಡಿ ಜಾಡಿಸಿದ. ಒಂದಿಷ್ಟು ಮರಳು ಉದುರಿತು. ಆನಂದಕುಮಾರರು ಇಟ್ಟಂಗಿಯನ್ನು ನೋಡಿದರು, ಅವನನ್ನು ನೋಡಿದರು.

"ಇಟ್ಟಂಗಿ ನಮ್ಮನ್ಯಾಗೂ ಅದಾವ್ರಿ" ಎಂದರು ಮೆಲ್ಲಗೆ. "ನೀವು ಯಾಕ ಹೊತ್ತು ತಂದ್ರಿ?"

ಅವರು ಅಣಕಿಸಲಿಲ್ಲ, ಅದರಿಂದಲೇ ಅವನಿಗೆ ಹೆಚ್ಚು ನಾಚಿಕೆಯಾಯಿತು. ಸಾಮಾನು ಅದಲುಬದಲಾಗಿದೆ, ಈಗಲೇ ತರುತ್ತೇನೆ ಎಂದು ಖಾಲಿ ಚೀಲ ಎತ್ತಿಕೊಂಡು ರಸ್ತೆಗೆ ಬಿದ್ದ. ನಡೆಯುತ್ತ ನಡೆಯುತ್ತ ನಾಚಿಕೆ ಸಿಟ್ಟಾಯಿತು. ಥಾಪಿ ಮಾರಿದ್ದಾಳೆ. ಇವನಿನ್ನು ಏಳುವುದಿಲ್ಲ ಎಂದು ಲೆಕ್ಕ ಹಾಕಿ, ಗಂಡನ ಕಸುಬನ್ನು ಗುಜರಿಗೆ ಹಾಕಿ, ತಾನು ಮಾದಾಪುರಕ್ಕೆ ಹೊರಟಿದ್ದಾಳೆ. ದಿನವೂ ಊರ ಮುಂದೆ ಅರ್ಧ ಇಟ್ಟಂಗಿ ಹೊರಿಸಿ ನಿಲ್ಲಿಸಿದಳಲ್ಲ! ಐದು ತಿಂಗಳಲ್ಲಿ ಅಷ್ಟು ಬಿರುಸಾಗಿ ಅವನು ನಡೆದಿರಲಿಲ್ಲ. ಹುಲಗೇಶನ ಕೆಲಸದ ಮನೆಗೆ ಮುಟ್ಟುವ ಹೊತ್ತಿಗೆ ಏದುಸಿರು ಬಂದಿತ್ತು.

ಗೇಟಿನ ಬಳಿ ಅವನು ಗಕ್ಕನೆ ನಿಂತ. ಮೇಲಿನಿಂದ ಸಪ್ಪಳ ಬರುತ್ತಿತ್ತು. ಟಣ್ ಟಣ್. ಸ್ವಲ್ಪ ಬಿಟ್ಟು ಮತ್ತೆ, ಟಣ್ ಟಣ್.

ತಾನು ಇಲ್ಲಿ ಕೆಳಗೆ ನಿಂತಿದ್ದಾನೆ, ತನ್ನ ಕೈ ಮೂರನೆಯ ಅಂತಸ್ತಿನಲ್ಲಿ ಕೆಲಸ ಮಾಡುತ್ತಿದೆ. ಚಂದ್ರಾಮ ಒಳಗೆ ನಡೆದ. ಮೆಟ್ಟಿಲ ಬಳಿ ಎದುರಾದ ಹುಲಗೇಶ ಅವನ ಕೈಯಲ್ಲಿದ್ದ ಖಾಲಿ ಚೀಲ ನೋಡಿ ವಿಷಯ ತಿಳಿದವನಂತೆ ಮುಖ ತಗ್ಗಿಸಿದ. ದೀಪಾವಳಿಯ ನಂತರ ನನ್ನ ಗೌಂಡಿಯೊಬ್ಬ ಊರಿಗೆ ಹೋದವನು ಬರಲೇ ಇಲ್ಲ, ಬಚ್ಚಲಿನ ಗೋಡೆ ಹೇಗೂ ಟೈಲ್ಸಿನ ಹಿಂದೆ ಮುಚ್ಚಿಹೋಗುತ್ತದೆಂದು ಅಕ್ಕನ ಕೈಗೆ ಕೊಟ್ಟೆ, ಆಮೇಲೆ ಖೋಲಿಗಳ ಗೋಡೆಯನ್ನೂ ಕೊಟ್ಟೆ ಎಂದು ಒಂದೇ ಉಸಿರಿಗೆ ಹೇಳಿ, "ಬೈಬ್ಯಾಡ ಮಾವ" ಎಂದ.

ಸುಗಲಮ್ಮ ಬ್ಯಾರಲ್ಲಿನ ಮೇಲೆ ಹಾಕಿದ ಹಲಗೆ ಹತ್ತಿ ನಿಂತಿದ್ದಳು. ಸೀರೆಯ ಮೇಲೆ ಚಂದ್ರಾಮನ ಹಳೆಯ ಅಂಗಿ. ಬಾಗಿಲಿಗೆ ಬೆನ್ನಾಗಿದ್ದುದರಿಂದ ಅವನು ಬಂದದ್ದು ಕಾಣಲಿಲ್ಲ. ಅವನ ಥಾಪಿಯಿಂದ ಅವಳು ಮಾಲು ಎರಚುತ್ತಿದ್ದಳು, ಅವನ ಹಾಗೆಯೇ ಮಣಿಕಟ್ಟು ಒಳಗೆ ತಿರುಗಿಸಿ. ಬುಟ್ಟಿ ಬರಿದಾದಾಗ ಥಾಪಿಯನ್ನು ಹಲಗೆಯ ಮೇಲಿಟ್ಟು ಕೆಳಗಿಳಿದಳು. ಮೂಲೆಯಲ್ಲಿ ಕಲೆಸಿಟ್ಟ ಮಾಲಿನ ಹತ್ತಿರ ಹೋಗಿ, ಬುಟ್ಟಿ ತುಂಬಿ, ಒಂದು ಕೈ ಮಂಡಿಗೆ ಊರಿ ಎದ್ದು, ತಲೆಗೆ ಹೊತ್ತು ಮತ್ತೆ ಹಲಗೆ ಹತ್ತಲು ಕಾಲಿಟ್ಟಳು. ಗೌಂಡಿಯೂ ಅವಳೇ, ಆಳೂ ಅವಳೇ. ಮೊದಲನೆಯ ಸಲಕ್ಕೆ ಕಾಲು ಮೇಲೆ ಬರಲಿಲ್ಲ. ಸ್ವಲ್ಪ ನಿಂತು, ಉಸಿರು ತಗೊಂಡು, ಎರಡನೆಯ ಸಲಕ್ಕೆ ಹತ್ತಿದಳು.

ಚಂದ್ರಾಮ ತಂದಿದ್ದ ಸಿಟ್ಟು ಎಲ್ಲಿ ಹೋಯಿತೋ. ಅವಳು ಹೀಗೆ ಹತ್ತುವುದನ್ನು ಅವನು ಇಪ್ಪತ್ತೆರಡು ವರ್ಷದಲ್ಲಿ ಒಮ್ಮೆಯೂ ನೋಡಿರಲಿಲ್ಲ. ಅವನ ಮುಖ ಯಾವಾಗಲೂ ಗೋಡೆಯ ಕಡೆ ಇರುತ್ತಿತ್ತು.

ತಿರುಗಿದಾಗ ಅವಳಿಗೆ ಅವನು ಕಂಡ. ಕೈಯಲ್ಲಿನ ಖಾಲಿ ಚೀಲವೂ ಕಂಡಿತು. ಅವಳ ಮುಖದಲ್ಲಿ ಹೆದರಿಕೆ ಬರಲಿಲ್ಲ, ಒಂದು ಬಗೆಯ ಬಿಡುಗಡೆ ಬಂತು.

"ಬಿಚ್ಚಿದೇನು?" ಎಂದಳು.

"ನನಗ ಯಾಕ ಹೇಳಲಿಲ್ಲ?"

"ಹೇಳಿದ್ರ ನೀ ಮತ್ತಷ್ಟು ಮಲಕೊಂತಿದ್ದಿ." ಅವಳು ಬುಟ್ಟಿ ಇಳಿಸಿದಳು. "ಚೀಲ ಹಗೂರ ಆದ್ರ ಗೊತ್ತಾಗ್ತೈತಿ ಅಂತ ಇಟ್ಟಂಗಿ ಇಟ್ಟೆ. ನಾಕು ದಿನದಾಗ ಬಿಚ್ಚಿ ನೋಡ್ತಾನ, ನನ್ನ ಬೈತಾನ, ಥಾಪಿ ಕಸಗೊಂತಾನ ಅಂದ್ಕೊಂಡಿದ್ದೆ. ಮೂರು ತಿಂಗಳಾತು. ದಿನಾ ಸಂಜಿಕ ಬಂದು ಗಂಟು ಮುಟ್ಟಿ ನೋಡ್ತಿದ್ದೆ, ಇವತ್ತರ ಬಿಚ್ಚ್ಯಾನೇನು ಅಂತ."

ಅವಳು ಥಾಪಿಯನ್ನು ಅವನ ಕಡೆ ಚಾಚಿದಳು. ಹಿಡಿ ಅವಳ ಬೆವರಿಗೆ ಕಪ್ಪಾಗಿತ್ತು, ಅಂಚು ಬೆಳ್ಳಗೆ ಹೊಳೆಯುತ್ತಿತ್ತು. ಅವನು ಮನೆಯಲ್ಲಿಟ್ಟುಕೊಂಡಿದ್ದರೆ ಇಷ್ಟು ಹೊತ್ತಿಗೆ ತುಕ್ಕು ತಿಂದಿರುತ್ತಿತ್ತು. ಕೈ ಚಾಚಿದರೆ ಎಲ್ಲವೂ ಮೊದಲಿನಂತಾಗುವುದು: ಅವನು ಗೋಡೆಗೆ ಮುಖ ಮಾಡುವುದು, ಅವಳು ಬೆನ್ನ ಹಿಂದೆ ಹತ್ತಿ ಇಳಿಯುವುದು. ಅವನು ಥಾಪಿ ಮುಟ್ಟಲಿಲ್ಲ. ಮೂಲೆಗೆ ಹೋಗಿ ಇನ್ನೊಂದು ಬುಟ್ಟಿ ಎತ್ತಿಕೊಂಡ.

ಮೊದಲು ಹುಲಗೇಶನ ಕಡೆಯವನೊಬ್ಬನಿಂದ ಆನಂದಕುಮಾರರಿಗೆ ಹೇಳಿಕಳಿಸಿದ, ನಾಳೆ ಗೌಂಡಿಯನ್ನು ಕರೆದುಕೊಂಡು ಬರುತ್ತೇನೆ ಎಂದು. ಆಮೇಲೆ ಬುಟ್ಟಿ ತುಂಬಿದ. ಮಾಲು ಹೊರುವುದು ಇಷ್ಟು ಭಾರವೆಂದು ಗೌಂಡಿಗೆ ಗೊತ್ತಿರಲಿಲ್ಲ. ಐದನೆಯ ಬುಟ್ಟಿಗೆ ಕತ್ತು ಸೆಟೆಯಿತು, ಹತ್ತನೆಯದಕ್ಕೆ ಮಂಡಿ ನಡುಗಿದವು. ಇನ್ನು ಸಾಕು, ಎಲ್ಲಾದರೂ ಗೋಡೆಗೆ ಒರಗಿ ಕೂಡೋಣ ಎನಿಸಿತು. ಅಷ್ಟರಲ್ಲಿ ಮೇಲೆ ಟಣ್ ಟಣ್ ಎಂದಿತು, ಈ ಸಲ ಪೊಳ್ಳು ಸಪ್ಪಳ, ಬುಟ್ಟಿ ಬರಿದಾಯಿತು ಎಂದು ಅರ್ಥ. ಎದ್ದ. ಎದ್ದು ಏನು ಮಾಡುವುದು ಎಂಬ ಅವನ ಹಳೆಯ ಪ್ರಶ್ನೆಗೆ ಆ ಮಧ್ಯಾಹ್ನವೆಲ್ಲ ಅಷ್ಟೇ ಉತ್ತರ, ಮೇಲೆ ಬುಟ್ಟಿ ಬರಿದಾಗಿದೆ.

ನಾಲ್ಕು ಗಂಟೆಯ ಸುಮಾರಿಗೆ ಸುಗಲಮ್ಮ ಹಿಂತಿರುಗದೆಯೇ ಹೇಳಿದಳು: "ಮಾಲು ಬಿಗಿ ಆತು. ನೀರು ಹಾಕು." ಹೇಳಿದ ಮೇಲೆ ಅವಳ ಕೈ ಒಂದು ಗಳಿಗೆ ನಿಂತಿತು. ಚಂದ್ರಾಮ ನೀರು ಹಾಕಿದ.

ಶುಕ್ರವಾರ ಇಬ್ಬರೂ ಹೋಗಿ ಆನಂದಕುಮಾರರ ಕಂಪೌಂಡು ಮುಗಿಸಿದರು. ಶನಿವಾರ ಕಲ್ಲೇಶ ಮೇಸ್ತ್ರಿ ಹೆಸರು ಬರೆದುಕೊಳ್ಳಲು ಹುಲಗೇಶನ ಕೆಲಸದ ಮನೆಗೇ ಬಂದ. ಚಂದ್ರಾಮ ಎದ್ದಿದ್ದಾನೆಂದು ಕೇಳಿ ಖುಷಿಯಾಗಿದ್ದ. ಕೇಳುವ ಮೊದಲೇ ಪುಸ್ತಕದಲ್ಲಿ ಚಂದ್ರಾಮ ಗೌಂಡಿ, ಸುಗಲಮ್ಮ ಆಳು ಎಂದು ಗೀಚಿಬಿಟ್ಟ.

"ತಿರುವಿ ಬರೀರಿ ಮೇಸ್ತ್ರಿ" ಎಂದ ಚಂದ್ರಾಮ. "ಗೌಂಡಿ ಆಕಿ. ಆಳು ನಾನು."

ಕಲ್ಲೇಶ ನಕ್ಕ. ನಂತರ ಯಾರೂ ನಗುತ್ತಿಲ್ಲವೆಂದು ನೋಡಿ ನಗು ನಿಲ್ಲಿಸಿದ. ಎಂಜಿನಿಯರಿಗೆ ಏನು ಹೇಳಲಿ ಎಂದ. ನಿನಗೆ ಆಳಿನ ಕೂಲಿಯೇ ಬರುತ್ತದೆ, ನೋಡು ಎಂದ. ಚಂದ್ರಾಮ ಎಲ್ಲಕ್ಕೂ ಹೂಂ ಎಂದ. ಕೊನೆಗೆ ಕಲ್ಲೇಶ ಸುಗಲಮ್ಮ ಮಾಡಿದ ಗೋಡೆಯ ಮುಂದೆ ನಿಂತು ಗೆಣ್ಣಿನಿಂದ ಮೇಲಿನಿಂದ ಕೆಳಗಿನವರೆಗೆ ಬಡಿದ. ಎಲ್ಲಿಯೂ ಪೊಳ್ಳಿರಲಿಲ್ಲ. ಪಟ್ಟಿ ಹಚ್ಚಿದಾಗ ನಡುವೆ ಸಣ್ಣಗೆ ಉಬ್ಬು ಕಂಡಿತು.

"ಹೊಟ್ಟಿ ಬಂದೈತಿ" ಎಂದ.

"ಹೂಂ, ಬಂದೈತಿ" ಎಂದಳು ಸುಗಲಮ್ಮ. "ಹೊತ್ತು ತಂದು ಹಚ್ಚಿದ ಗ್ವಾಡಿ ಅದು. ಈಗ ಆಳು ಅದಾನ, ಬರಾಂಗಿಲ್ಲ."

ಕಲ್ಲೇಶ ಗೀಟು ಹೊಡೆದು ತಿರುವಿ ಬರೆದ. ಆದರೂ ಮೊದಲ ಎಂಟು ದಿನ ಒಳಗಿನ ಖೋಲಿಗಳಷ್ಟೇ, ಎಂಜಿನಿಯರ್ ಒಪ್ಪಿದ ಮೇಲೆ ಮುಂದಿನ ಮಾತು ಎಂದ. ಖೋಲಿ ಮಾತ್ರ ಜೋಡಿಯ ಲೆಕ್ಕದಲ್ಲಿಯೇ ಸಿಕ್ಕಿತು.

ಇಷ್ಟರಿಂದ ಚಂದ್ರಾಮನ ಮೈಗಳ್ಳತನ ಬಿಟ್ಟು ಓಡಿತು ಎಂದೇನೂ ಅಲ್ಲ. ಸೋಮವಾರ ಮಾದಾಪುರ ಸೇರಿದರು. ಮರುದಿನ ನಾಲ್ಕೂವರೆಗೆ ತಗಡಿನ ಖೋಲಿಯಲ್ಲಿ ಫೋನಿನ ಅಲಾರಂ ಹೊಡೆದಾಗ ಅದು ಅವನ ಎದೆಯ ಮೇಲೆ ಎಂದಿನಂತೆ ಕುಳಿತೇ ಇತ್ತು. ಭುಜ ಉರಿಯುತ್ತಿದ್ದವು, ಕತ್ತು ಹೊರಳುತ್ತಿರಲಿಲ್ಲ. ಆದರೆ ಗೌಂಡಿ ಬರುವ ಮೊದಲು ಆಳು ಹೋಗಿ ಮಾಲು ಕಲೆಸಿಡಬೇಕು, ಅದು ಕಸುಬಿನ ನಿಯಮ. ಆ ನಿಯಮವನ್ನು ಗಟ್ಟಿ ದನಿಯಲ್ಲಿ ಹೇಳಿ ಹೇಳಿ ಇಪ್ಪತ್ತೆರಡು ವರ್ಷ ಹೆಂಡತಿಯನ್ನು ಮುಂದೆ ಕಳಿಸಿದವನು ಅವನೇ. ಬೈದುಕೊಳ್ಳುತ್ತ ಎದ್ದ. ಅಲಾರಂ ಆರಿಸಿದ. ಒಲೆ ಹಚ್ಚಿ ಚಹಾಕ್ಕೆ ನೀರಿಟ್ಟು, ಅವಳನ್ನು ಎಬ್ಬಿಸಲು ತಿರುಗಿದ.

ಸುಗಲಮ್ಮ ಮಲಗಿದ್ದಳು. ಬಾಯಿ ಸ್ವಲ್ಪ ತೆರೆದಿತ್ತು, ಒಂದು ಕೈ ಕೆನ್ನೆಯ ಕೆಳಗಿತ್ತು, ಉಗುರಿನ ಸಂದುಗಳಲ್ಲಿ ಸಿಮೆಂಟು. ಬೆಳಗಿನ ಹೊತ್ತು ಅವಳು ನಿದ್ದೆ ಮಾಡುವುದನ್ನು ಚಂದ್ರಾಮ ಮದುವೆಯಾದಾಗಿನಿಂದ ಇವತ್ತೇ ನೋಡಿದ್ದು. ಹೆಸರು ಹಿಡಿದು ಕರೆಯಲು ತೆರೆದ ಬಾಯಿ ಮುಚ್ಚಿದ. ನೀರು ಕುದಿಯುವವರೆಗೆ ಮಲಗಲಿ ಎಂದುಕೊಂಡು, ಒಲೆಯ ಉರಿ ಸಣ್ಣಗೆ ಮಾಡಿ, ಸಪ್ಪಳವಾಗದಂತೆ ಬುಟ್ಟಿಯನ್ನು ಬಾಗಿಲ ಬಳಿ ತೆಗೆದಿಟ್ಟ.